ವೀಸಾ ತಡೆದ ದುಂಡು ನೆರಳು

ಹೋದ ವರ್ಷದ ಬೇಸಿಗೆ. ಕೇಂದ್ರದ ಮಂತ್ರಿಯೊಬ್ಬರು ಹಂಪಿಗೆ ಬಂದಿದ್ದರು. ಆ ಭೇಟಿಯ ಸುದ್ದಿಯನ್ನು ನಮ್ಮ ಪತ್ರಿಕೆಗೆ ನಾನೇ ಬರೆದೆ. ಮಂತ್ರಿಗಳು ಏನು ಮಾತಾಡಿದರೆಂದು ಈಗ ಕೇಳಿದರೆ ಹಳೆಯ ಪತ್ರಿಕೆ ತೆಗೆದು ನೋಡಿಯೇ ಹೇಳಬೇಕು. ಆದರೆ ಅಂದು ಬೆಳಿಗ್ಗೆ ಹಂಪಿ ಬಜಾರಿನಲ್ಲಿ ಒಬ್ಬ ಪೊಲೀಸ್ ಪೇದೆ ನನ್ನನ್ನು ಕೇಳಿದ ಪ್ರಶ್ನೆ, ಅದಕ್ಕೆ ನಾನು ಕೊಟ್ಟ ಉತ್ತರ, ಎರಡೂ ಹಾಗೇ ನೆನಪಿವೆ.

ಅದನ್ನು ಹೇಳಬೇಕಾದರೆ ಗಿರಿಜಾಳಿಂದ ಶುರುಮಾಡಬೇಕು.

ಹೊಸಪೇಟೆಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಆಕೆ ಬಾಡಿಗೆಗೆ ಇದ್ದಳು. ಕಂಪ್ಲಿಯ ಹುಡುಗಿ. ಅಪ್ಪ ಅಲ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ತೂಕ ನೋಡುವ ಕೆಲಸದಲ್ಲಿದ್ದಾರೆ. ಗಿರಿಜಾ ನರ್ಸಿಂಗ್ ಮುಗಿಸಿ ಮೊದಲು ಸಂಡೂರಿನ ಆಸ್ಪತ್ರೆಯಲ್ಲಿದ್ದಳು. ಬಂಡ್ರಿ ಕಡೆಯಿಂದ ಗಣಿ ಕೆಲಸದವರು ಕೆಮ್ಮುತ್ತ ಬರುತ್ತಿದ್ದ ವಾರ್ಡು ಅದು. ಆಮೇಲೆ ಹೊಸಪೇಟೆಯ ಖಾಸಗಿ ಆಸ್ಪತ್ರೆ ಸೇರಿದಳು. ನನ್ನ ಹೆಂಡತಿ ಶಶಿಕಲಾಗೂ ಆಕೆಗೂ ಭಾಳ ಹೊಂದಾಣಿಕೆ. ಡ್ಯೂಟಿ ಮುಗಿಸಿ ಬಂದರೆ ಮೆಟ್ಟಿಲು ಹತ್ತುವುದಕ್ಕಿಂತ ಮುಂಚೆ ನಮ್ಮ ಅಡುಗೆಮನೆಗೆ ಬರುವವಳು.

ಮಾಲ್ಡೀವ್ಸ್‌ನಲ್ಲಿ ನರ್ಸ್ ಕೆಲಸ ಇದೆ ಎಂದು ಆಕೆಗೆ ಹೇಳಿದ್ದು ಜೊತೆಗೆ ಓದಿದ ಗೆಳತಿ. ಆ ಗೆಳತಿ ಆಗಲೇ ಅಲ್ಲಿದ್ದಳು. ಗಿರಿಜಾ ಮಂಗಳೂರಿನ ಒಂದು ಏಜೆನ್ಸಿಯ ಮೂಲಕ ಅರ್ಜಿ ಹಾಕಿದಳು. ನನಗೆ ಏಜೆನ್ಸಿ ಎಂದರೆ ಅನುಮಾನ. ವಿದೇಶದ ಕೆಲಸವೆಂದು ನಂಬಿಸಿ ಊರ ಹುಡುಗರನ್ನು ಅರ್ಧ ದಾರಿಯಲ್ಲಿ ಬಿಟ್ಟ ಪ್ರಕರಣಗಳನ್ನು ನಾನೇ ಬರೆದಿದ್ದೇನೆ. ಹಾಗಾಗಿ ಅವರ ಪರವಾನಗಿ ಯಾವುದು, ಮೊದಲು ಯಾರನ್ನು ಕಳಿಸಿದ್ದಾರೆ, ಹೋದವರು ಏನು ಹೇಳುತ್ತಾರೆ ಎಂದು ನಾಲ್ಕು ಕಡೆ ಫೋನ್ ಮಾಡಿ ನೋಡಿದೆ. ಎಲ್ಲವೂ ಸರಿ ಇತ್ತು. "ಹೋಗವಾ, ಇವರು ನಂಬಿಗಸ್ತರು" ಎಂದೆ.

ವೀಡಿಯೊ ಸಂದರ್ಶನದಲ್ಲಿ ಪಾಸಾದಳು. ಒಂದು ಸಣ್ಣ ದ್ವೀಪದ ಆರೋಗ್ಯ ಕೇಂದ್ರಕ್ಕೆ ಆಯ್ಕೆ ಆಯಿತು. ಸುದ್ದಿ ತಿಳಿಸಲು ಅಮ್ಮನಿಗೆ ಫೋನ್ ಮಾಡಿದಾಗ ನಾವೂ ಅಲ್ಲೇ ಕೂತಿದ್ದೆವು. ಫೋನು ಸ್ಪೀಕರಿನಲ್ಲಿತ್ತು.

"ಸುತ್ತ ನೀರಂತ ಹೌದಲ್ಲ? ನಮ್ಮ ಡ್ಯಾಮಿನಂಗೇನು?" ಎಂದರು ಅಮ್ಮ.

"ಡ್ಯಾಮಿಗೆ ಆಚೆ ದಂಡಿ ಕಾಣ್ತೈತಿ ಯವ್ವಾ. ಅಲ್ಲಿ ಅದೂ ಕಾಣಂಗಿಲ್ಲ."

"ಅಯ್ಯ ಶಿವನ! ಮತ್ತ ಊಟಕ್ಕ? ಅಲ್ಲಿ ಮೀನ ಮೀನಂತ. ನೀ ಲಿಂಗ ಕಟ್ಟಿದಾಕಿ, ಏನು ತಿಂತಿ?"

"ಕಂಪ್ಲಿ ಅಕ್ಕಿ ಹೊತ್ಕೊಂಡ್ಹೋಗ್ತೀನಿ ಬಿಡು. ಅಪ್ಪಗ ಹೇಳು, ತೂಕ ಸರಿ ಹಾಕಿ ಕೊಡು ಅಂತ."

ಆ ದಿನ ಎಲ್ಲರೂ ನಕ್ಕೆವು. "ಇಲ್ಲಿ ನಾನು ಬರೇ ಸಿಸ್ಟರ್ ರೀ ಅಣ್ಣಾರ. ಆ ಡಾಕ್ಟ್ರು ಕರೆದ್ರ ಅಕಡೆ, ಈ ಡಾಕ್ಟ್ರು ಕರೆದ್ರ ಇಕಡೆ. ಅಲ್ಲಿ ಒಂದು ಊರಿಗೆ ಊರ ನನ್ನ ಕೈಯಾಗ ಇರ್ತೈತಿ ನೋಡ್ರಿ" ಎಂದು ನನಗೆ ಹೇಳಿದಳು. ದುಡ್ಡಿನ ಮಾತನ್ನು ಆಕೆ ಆಡಿದ್ದು ಕಡಿಮೆ. ತನ್ನ ಕೆಲಸ ತಾನೇ ನಡೆಸುವ ಜಾಗ ಬೇಕಿತ್ತು ಆಕೆಗೆ.

ವೀಸಾಕ್ಕೆ ಮೊದಲು ವೈದ್ಯಕೀಯ ತಪಾಸಣೆ ಆಗಬೇಕು. ರಕ್ತ, ಮೂತ್ರ, ಎದೆಯ ಎಕ್ಸ್‌ರೇ. ಏಜೆನ್ಸಿ ಹೇಳಿದ ಒಂದು ಲ್ಯಾಬಿಗೆ ರಜೆ ಹಾಕಿ ಹೋಗಿ ಬಂದಳು. ಎಕ್ಸ್‌ರೇ ಇಲ್ಲಿ ತೆಗೆಯುತ್ತಾರೆ, ಅದನ್ನು ಓದುವ ಡಾಕ್ಟರು ಬೇರೆ ಊರಲ್ಲಿ ಕಂಪ್ಯೂಟರಿನ ಮುಂದೆ ಇರುತ್ತಾರೆ. ವರದಿ ಸೀದಾ ಏಜೆನ್ಸಿಗೆ ಹೋಗುತ್ತದೆ. ಈಗ ಎಲ್ಲ ಕಡೆ ಹೀಗೇ ನಡೆಯುತ್ತದೆ.

ಅದಾದ ಮೇಲೆ ಆಕೆ ನಮ್ಮ ಅಡುಗೆಮನೆಗೆ ಬರುವುದು ನಿಂತಿತು.

ಮೊದಲು ಗಮನಿಸಿದ್ದು ಶಶಿಕಲಾ. ಒಂದು ಸಂಜೆ ಕೂಗಿ ಕರೆದಳು. ಗಿರಿಜಾ ಬಂದಳು, ಆದರೆ ಹೊಸ್ತಿಲಾಚೆಯೇ ನಿಂತಳು. ಕೈಯಲ್ಲಿ ತನ್ನದೇ ಸ್ಟೀಲ್ ಲೋಟ. ಮುಖಕ್ಕೆ ಮಾಸ್ಕ್.

"ಯಾಕವಾ, ನಮ್ಮನೀ ಲೋಟ ಬ್ಯಾಡಾತೇನು? ಈಗಿಂದನ ಮಾಲ್ಡೀವ್ಸ್ ಗತ್ತು ಬಂತಲ್ಲ ನಿನಗ!" ಎಂದು ಶಶಿಕಲಾ ಕಿಚಾಯಿಸಿದಳು.

ಗಿರಿಜಾ ನಗಲಿಲ್ಲ. "ಅಕ್ಕಾ, ಇದರಾಗ ಹಾಕ್ರಿ. ದೂರದಿಂದ ಹಾಕ್ರಿ" ಎಂದಳು.

ಆಗ ವಿಷಯ ಹೊರಬಂತು. ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ದುಂಡಗಿನ ನೆರಳು ಇದೆ, ಕ್ಷಯವೋ ಬೇರೆ ಏನೋ ಪರೀಕ್ಷಿಸಬೇಕು, ಅಲ್ಲಿಯವರೆಗೆ ಅರ್ಹಳಲ್ಲ ಎಂದು ವರದಿ ಬಂದಿತ್ತು. ಆಕೆಯ ಹಿಂದೆ ಇನ್ನೊಬ್ಬ ನರ್ಸ್ ಕಾದಿದ್ದಾಳೆ, ಒಂದು ವಾರದೊಳಗೆ ಸರಿಯಾದ ವರದಿ ಬರದಿದ್ದರೆ ಜಾಗ ಆಕೆಗೆ ಹೋಗುತ್ತದೆ ಎಂದು ಏಜೆನ್ಸಿಯವರು ಹೇಳಿದ್ದರು. ಅವರು ಗದರಿಸಿ ಹೇಳಿರಲಿಲ್ಲ. ಪಾಪ, ಬೇಸರದಿಂದಲೇ ಹೇಳಿದ್ದರಂತೆ.

"ನಿಮ್ಮ ಆಸ್ಪತ್ರೆ ಡಾಕ್ಟರಿಗೆ ತೋರಿಸಿದೆಯಾ?" ಎಂದು ಕೇಳಿದೆ.

"ಹೆಂಗ ತೋರಿಸ್ಲಿ ಅಣ್ಣಾರ? ಟಿಬಿ ಅಂದ್ರ ನಾಳೆಯಿಂದ ಡ್ಯೂಟಿಗೆ ಬರಬ್ಯಾಡ ಅಂತಾರ. ಹೌದೋ ಅಲ್ವೋ ಗೊತ್ತಾಗಾಕಿಂತ ಮೊದಲ ಊರೆಲ್ಲ ಗೊತ್ತಾಗ್ತೈತಿ."

ಡ್ಯೂಟಿಗೆ ಆಕೆಯೇ ಹೋಗುತ್ತಿರಲಿಲ್ಲ. ಜ್ವರ ಎಂದು ಹೇಳಿ ರಜೆ ಹಾಕಿದ್ದಳು. ರೋಗಿಗಳ ಹತ್ತಿರ ಹೋಗಲು ಮನಸ್ಸು ಒಪ್ಪಿರಲಿಲ್ಲ. ಆದರೆ ಆಕೆಯನ್ನು ತಿನ್ನುತ್ತಿದ್ದುದು ಅದಷ್ಟೇ ಅಲ್ಲ.

ಕಂಪ್ಲಿಯ ಮನೆಯಲ್ಲಿ ಅಣ್ಣನ ಮಗಳಿದ್ದಾಳೆ, ಚಿನ್ನಿ. ಆಗಿನ್ನೂ ಎರಡು ತುಂಬಿರಲಿಲ್ಲ. ರಜೆಗೆ ಹೋದಾಗೆಲ್ಲ ಮಗು ಇವಳ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಇವಳ ಪಕ್ಕದಲ್ಲೇ ಮಲಗುತ್ತಿತ್ತು, ಇವಳ ತಟ್ಟೆಯಲ್ಲೇ ತಿನ್ನುತ್ತಿತ್ತು. ಎಕ್ಸ್‌ರೇಗೆ ಮುಂಚಿನ ವಾರವೂ ಹಾಗೇ ಆಗಿತ್ತು.

"ನನಗ ಏನಾರ ಆಗ್ಲಿ ಅಣ್ಣಾರ. ಕೂಸಿಗೆ ಹತ್ತಿದ್ರ?" ಎಂದಳು. ಅಷ್ಟು ಹೇಳಿ ಲೋಟ ತೆಗೆದುಕೊಂಡು ಮೇಲೆ ಹೋದಳು. ಆ ರಾತ್ರಿ ನಮ್ಮ ತಲೆಯ ಮೇಲೆ ಹೆಜ್ಜೆ ಸಪ್ಪಳ ನಿಲ್ಲಲಿಲ್ಲ. ಆ ಕಡೆ ಗೋಡೆಯಿಂದ ಈ ಕಡೆ ಗೋಡೆಗೆ, ಮತ್ತೆ ವಾಪಸ್ಸು.

ಮರುದಿನ ನಾನು ಆಕೆಯನ್ನು ಮೆಟ್ಟಿಲ ಮೇಲೆ ಕೂಡಿಸಿ ಕೇಳಿದೆ. ಸುದ್ದಿಮನೆಯ ಅಭ್ಯಾಸ ಅದು. ಅನುಮಾನ ಬಂದಲ್ಲಿ ಮೊದಲಿನಿಂದ ಕೇಳುತ್ತ ಬರುತ್ತೇವೆ. ಎಕ್ಸ್‌ರೇ ಬೇರೆಯವರದರ ಜೊತೆ ಅದಲುಬದಲಾಗಿರಬಹುದೇ? ಇಲ್ಲ, ಹೆಸರು, ವಯಸ್ಸು, ಎಲ್ಲ ಇವಳದೇ. ಕೆಮ್ಮು? ಇಲ್ಲ. ಜ್ವರ? ಇಲ್ಲ. ತೂಕ ಇಳಿದಿದೆಯೇ? "ಇಳಿದಿದ್ರ ಖುಷಿ ಆಗ್ತಿತ್ತು" ಎಂದಳು, ಆ ಹೊತ್ತಿನಲ್ಲೂ.

"ತೆಗೆಸುವಾಗ ಕೊರಳಲ್ಲಿ ಸರ, ಪಿನ್ನು, ಹುಕ್ಕು ಏನಾದರೂ ಇತ್ತೇನು?"

"ಏನೂ ಇದ್ದಿಲ್ಲ ರೀ. ಎಕ್ಸ್‌ರೇ ತೆಗೆಯೋ ಹುಡುಗನೂ ಅದನ್ನ ಕೇಳಿದ. ನಾನು ನರ್ಸ್ ಅದೀನಿ, ಅಷ್ಟೂ ಗೊತ್ತಾಗಂಗಿಲ್ಲೇನು? ಎಲ್ಲ ತೆಗೆದಿಟ್ಟು ಅವರ ಗೌನ್ ಹಾಕ್ಕೊಂಡಿದ್ದೆ."

ನಾನು ಆ ಪ್ರಶ್ನೆಯ ಮುಂದೆ ಮನಸ್ಸಿನಲ್ಲೇ ಗೆರೆ ಎಳೆದೆ. ಕೇಳಿದೆ, ಉತ್ತರ ಬಂತು, ಮುಗಿಯಿತು.

ಕಫದ ಪರೀಕ್ಷೆಯನ್ನು ಆಕೆ ಬೇರೆ ಕಡೆ ಮಾಡಿಸಿದಳು. ಅದರಲ್ಲಿ ಏನೂ ಸಿಗಲಿಲ್ಲ. ಶಶಿಕಲಾ ಸಿಹಿ ಮಾಡುತ್ತೇನೆಂದು ಬಾಣಲೆ ಇಟ್ಟಳು. ಗಿರಿಜಾಳ ಮುಖ ಇನ್ನಷ್ಟು ಇಳಿದಿತ್ತು.

"ಟಿಬಿ ಅಲ್ಲ ಅಂದ್ರ ಖುಷಿ ಪಡಬೇಕಲ್ಲವ?"

"ಅಕ್ಕಾ, ಟಿಬಿಗೆ ಗುಳಿಗಿ ಅದಾವ. ಅದಲ್ಲ ಅಂದ್ರ ದುಂಡಗ ಇರೋದು ಗಡ್ಡಿ."

ಬಾಣಲೆ ಒಲೆಯ ಮೇಲಿಂದ ಕೆಳಗಿಳಿಯಿತು. ಸುಮ್ಮನಿರೆಂದು ಹೇಳುವುದಕ್ಕೂ ಬರುತ್ತಿರಲಿಲ್ಲ, ಏಕೆಂದರೆ ನಮಗಿಂತ ಆಕೆಗೆ ಹೆಚ್ಚು ಗೊತ್ತಿತ್ತು. ಮುಂದೆ ಬಳ್ಳಾರಿಯಲ್ಲಿ ಸ್ಕ್ಯಾನ್ ಆಗಬೇಕು. ಅದಕ್ಕೆ ಸಿಕ್ಕ ದಿನ ಏಜೆನ್ಸಿ ಕೊಟ್ಟ ಗಡುವಿನ ಆಚೆಗಿತ್ತು. ವೀಸಾದ ಮಾತು ಆಕೆಯ ಬಾಯಲ್ಲಿ ಬರುವುದೇ ನಿಂತಿತ್ತು. ಆದರೆ ಮೊಬೈಲು ಮಾತ್ರ ಕೈಯಲ್ಲೇ. ಮಂಗಳೂರಿನ ನಂಬರು ಬಂದರೆ ಎದ್ದು ನಿಲ್ಲುತ್ತಿದ್ದಳು.

ಆ ನಡುವೆ ಕಂಪ್ಲಿಯಿಂದ ಅಮ್ಮನ ಫೋನು. "ಯಾಕಲೇ, ಭಾನುವಾರ ಬರ್ಲಿಲ್ಲ? ಕೂಸು ಬಾಗಲದಾಗ ನಿಂತು ಬಸ್ಸಿನ ಸಪ್ಪಳ ಕೇಳಿದ್ರ ಅತ್ತಿ ಅತ್ತಿ ಅಂತೈತಿ. ಹೋಗೋದು ಇನ್ನಾ ಆಗಿಲ್ಲ, ಈಗಲೇ ಮರೆತಿಯೇನು?"

"ಡ್ಯೂಟಿ ಐತಿ ಯವ್ವಾ" ಎಂದು ಗಿರಿಜಾ ಫೋನ್ ಕೆಳಗಿಟ್ಟಳು.

ಮಂತ್ರಿಗಳ ಹಂಪಿ ಭೇಟಿ ಇದ್ದದ್ದು ಅದರ ಮರುದಿನ. ಬೆಳಿಗ್ಗೆಯೇ ಹೋದೆ. ಬಜಾರಿನ ಎರಡೂ ಬದಿಯ ಕಲ್ಲುಮಂಟಪಗಳ ಮುಂದೆ ಹಗ್ಗ ಕಟ್ಟಿದ್ದರು. ಎಳನೀರಿನವರನ್ನು, ಟೊಪ್ಪಿಗೆ ಮಾರುವವರನ್ನು ಆಚೆ ಸರಿಸಿದ್ದರು. ಪಾಸು ಇದ್ದ ವರದಿಗಾರರೂ ತಪಾಸಣೆ ಆಗಿಯೇ ಒಳಗೆ ಹೋಗಬೇಕು. ಅಲ್ಲಿ ನಿಂತಿದ್ದ ಪೇದೆ ಬಂದೋಬಸ್ತಿಗೆಂದು ಬೇರೆ ಜಿಲ್ಲೆಯಿಂದ ಬಂದವನು. ಮಾತು ಮೈಸೂರು ಕಡೆಯದು. ಕೈಯಲ್ಲಿ ಲೋಹ ಪತ್ತೆ ಮಾಡುವ ಕೋಲು.

"ಸಾರ್, ಮೊಬೈಲು, ಕೀ, ಪೆನ್ನು ಎಲ್ಲ ಟ್ರೇಲಿ ಹಾಕಿ. ಮೈಮೇಲೆ ಇನ್ನೇನಾದ್ರೂ ಇದೆಯಾ?"

"ಏನೂ ಇಲ್ಲ" ಎಂದೆ.

ಕೋಲು ಎದೆಯ ಹತ್ತಿರ ಬಂದಾಗ ಕಿರ್ರೆಂದಿತು. ಪೇದೆ ಇನ್ನೊಮ್ಮೆ ಆಡಿಸಿದ. ಮತ್ತೆ ಕಿರ್ರೆಂದಿತು.

"ಏನೂ ಇಲ್ಲ ಅಂದ್ರಿ?"

"ಇಲ್ಲಪ್ಪ" ಎಂದೆ ಎರಡನೇ ಸಲ, ಸ್ವಲ್ಪ ಬಿಗುವಿನಿಂದಲೇ. ಹಿಂದೆ ನಿಂತಿದ್ದ ನಮ್ಮ ಫೋಟೊಗ್ರಾಫರ್, "ಜಲ್ದಿ ಬಿಡ್ರಿ ಸಾಹೇಬ್ರ, ಅವರ ಎದಿಯಾಗ ಬರೇ ಬ್ರೇಕಿಂಗ್ ನ್ಯೂಸ್ ಐತಿ" ಎಂದ. ಪೇದೆ ನಗಲಿಲ್ಲ. ನನ್ನ ಅಂಗಿಯ ಮೇಲೆ ಬೆರಳಿಟ್ಟು, "ಮತ್ತೆ ಇದೇನು ಸಾರ್?" ಎಂದ.

ಬೆರಳ ಕೆಳಗೆ ಇದ್ದದ್ದು ನನ್ನ ಲಿಂಗದ ಬೆಳ್ಳಿ ಕರಡಿಗೆ.

ದೀಕ್ಷೆ ಆದಾಗಿನಿಂದ ಅದು ನನ್ನ ಎದೆಯ ಮೇಲಿದೆ. ಸ್ನಾನಕ್ಕೆ ಹೋದಾಗಲೂ ಇದೆ, ನಿದ್ದೆಯಲ್ಲೂ ಇದೆ. ಪೇದೆಗೆ ನಾನು ಸುಳ್ಳು ಹೇಳಿರಲಿಲ್ಲ. ಮೈಮೇಲೆ ಏನಿದೆ ಎಂದು ಕೇಳಿದರೆ ಮೂಗು ಇದೆ, ಕಿವಿ ಇದೆ ಎಂದು ಯಾರೂ ಹೇಳುವುದಿಲ್ಲ. ಹಾಗೆಯೇ ಇದೂ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಕರಡಿಗೆ ಹೊರಗೆ ತೆಗೆದು ತೋರಿಸಿದೆ. ಪೇದೆ ಕೋಲು ಕೆಳಗಿಳಿಸಿ, "ಹೋಗಿ ಸಾರ್" ಎಂದ.

ನಾನು ಹೋಗಲಿಲ್ಲ. ಅಲ್ಲೇ ನಿಂತೆ. ಹಿಂದಿನವರು ತಳ್ಳಿದರು. ಪಕ್ಕಕ್ಕೆ ಸರಿದು, ಟ್ರೇಯಿಂದ ಮೊಬೈಲು ಎತ್ತಿಕೊಂಡು ಒಂದು ಮಂಟಪದ ನೆರಳಿಗೆ ಬಂದು ಗಿರಿಜಾಳಿಗೆ ಫೋನ್ ಹಚ್ಚಿದೆ. ಆಕೆ ಮೊದಲ ರಿಂಗಿಗೇ ಎತ್ತಿದಳು.

"ಗಿರಿಜಾ, ಎಕ್ಸ್‌ರೇ ತೆಗೆಸುವಾಗ ಲಿಂಗ ಎಲ್ಲಿತ್ತು?"

ಆ ಕಡೆ ಹೆಜ್ಜೆ ಸಪ್ಪಳ ನಿಂತಿತು.

"ಕೊರಳಾಗ ಇತ್ತಲ್ರಿ" ಎಂದಳು ನಿಧಾನಕ್ಕೆ. "ಕೊರಳಾಗ... ಹಿಂದಕ್ಕ ಹಾಕಿದ್ದೆ."

ಆಸ್ಪತ್ರೆ ಕೆಲಸ ಸೇರಿದಾಗಿನಿಂದ ಅದು ಆಕೆಯ ರೂಢಿ. ರೋಗಿಯ ಮೇಲೆ ಬಾಗಿದಾಗ ಮುಂದಕ್ಕೆ ತೂಗಾಡಬಾರದೆಂದು ಕೆಲಸ ಶುರುವಾಗುವ ಮುಂಚೆ ಲಿಂಗವನ್ನು ಹೆಗಲ ಮೇಲಿಂದ ಬೆನ್ನಿಗೆ ಸರಿಸುತ್ತಿದ್ದಳು. ಬೆಳ್ಳಿ ಕರಡಿಗೆ ರೋಗಿಗಳಿಗೆ ತಾಕುತ್ತದೆಂದು ಅದನ್ನು ಕಂಪ್ಲಿಯಲ್ಲೇ ಬಿಟ್ಟು, ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ದಾರಕ್ಕೆ ಕಟ್ಟಿಕೊಂಡಿದ್ದಳು. ಲ್ಯಾಬಿನಲ್ಲಿ ಎದೆಯನ್ನು ಹಲಗೆಗೆ ಒತ್ತಿ ನಿಲ್ಲಬೇಕಾದಾಗ ಕೈ ತಾನೇ ಹೋಗಿ ಅದನ್ನು ಹಿಂದಕ್ಕೆ ಸರಿಸಿತ್ತು. ಎಡ ಹೆಗಲಿನ ಕೆಳಗೆ. ಬೆಳ್ಳಿ ಇದ್ದಿದ್ದರೆ ಓದಿದ ಡಾಕ್ಟರಿಗೆ ಇದು ಯಾವುದೋ ವಸ್ತು ಎಂದು ಗೊತ್ತಾಗುತ್ತಿತ್ತೇನೋ. ಬಟ್ಟೆಯೊಳಗಿನ ದುಂಡು ಲಿಂಗ ದುಂಡು ನೆರಳಾಗಿಯೇ ಬಿದ್ದಿತ್ತು.

"ಅಣ್ಣಾರ, ಅದನ್ನ ಹಾಕ್ಕೊಂಡೀನಿ ಅಂತ ನಾ ಯಾವತ್ತೂ ಅನ್ಕೊಂಡಿಲ್ರಿ" ಎಂದಳು. "ಅದು ಇರ್ತೈತಿ, ಅಷ್ಟ."

"ಖಾತ್ರಿ ಅಲ್ಲ ಇದು. ಮತ್ತೊಮ್ಮೆ ತೆಗೆಸಿ ನೋಡು" ಎಂದೆ. ತಿಳಿಯದೆ ಆಸೆ ಹುಟ್ಟಿಸಬಾರದೆಂಬ ಎಚ್ಚರ ಇತ್ತು. ಆದರೆ ಆಮೇಲೆ ನನ್ನ ಗಮನವೇ ಕೆಲಸದ ಮೇಲೆ ಇರಲಿಲ್ಲ. ಅಂದು ಮಂತ್ರಿಗಳ ಭಾಷಣದ ಟಿಪ್ಪಣಿಯನ್ನು ಫೋಟೊಗ್ರಾಫರ್‌ನಿಂದ ಕೇಳಿ ಬರೆದುಕೊಂಡೆ.

ಮರುದಿನ ಬೆಳಿಗ್ಗೆ ಶಶಿಕಲಾ ಜೊತೆಗೆ ಹೋದಳು. ಅಲ್ಲಿ ನಡೆದದ್ದನ್ನು ಆಕೆಯೇ ಹೇಳಿದ್ದು. ಲ್ಯಾಬಿನಲ್ಲಿ ಅದೇ ಹುಡುಗ ಇದ್ದ. ವಿಷಯ ಕೇಳಿ, "ಏನ್ರಿ ಅಕ್ಕಾರ, ನಾ ಕೇಳಿದ್ನಲ್ರಿ ಆವತ್ತು, ಏನಾರ ಐತೇನು ಅಂತ!" ಎಂದು ತಲೆ ಕೆರೆದುಕೊಂಡನಂತೆ. "ಲಿಂಗ ಐತೇನು ಅಂತ ಕೇಳಬೇಕಿತ್ತಪ" ಎಂದಳಂತೆ ಗಿರಿಜಾ. ಅವನು ತನ್ನ ಅಂಗಿಯ ಮೇಲೆ ಕೈ ಇಟ್ಟುಕೊಂಡು, "ನನಗೂ ನೆನಪಾಗ್ಲಿಲ್ರಿ" ಎಂದ. ಅವನ ಎದೆಯ ಮೇಲೂ ಒಂದಿತ್ತು.

ಅದನ್ನು ಕಳಚಿ ಮೇಜಿನ ಮೇಲೆ ಇಡುವುದಕ್ಕೆ ಆಕೆಯ ಮನಸ್ಸು ಬರಲಿಲ್ಲ. ಶಶಿಕಲಾ, "ನನ್ನ ಕೈಯಾಗ ಕೊಡು" ಎಂದಳು. ಅದಕ್ಕೂ ಒಪ್ಪಲಿಲ್ಲ. ಕೊನೆಗೆ ದಾರವನ್ನು ತಲೆಯ ಮೇಲಿಂದ ತೆಗೆದು, ದಾರ ಸಮೇತ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಮುಷ್ಟಿ ಕಟ್ಟಿದಳು. ದಿನಾ ಪೂಜೆಗೆ ಕೂತಾಗ ಅದು ಇರುವುದೂ ಅದೇ ಎಡ ಅಂಗೈಯಲ್ಲಿ. ಕೈ ಸೊಂಟದ ಮೇಲೆ ಇಟ್ಟು ನಿಲ್ಲಿ ಎಂದ ಹುಡುಗ. ಮುಷ್ಟಿ ಬಿಚ್ಚದೆ ಸೊಂಟಕ್ಕೆ ಒತ್ತಿ ನಿಂತಳು. "ಉಸಿರು ಹಿಡೀರಿ" ಎಂದ ಅವನು. ಉಸಿರು ಬಿಡಿ ಎಂದ ಮೇಲೂ ಆಕೆ ಹಿಡಿದೇ ನಿಂತಿದ್ದಳಂತೆ.

ಸಂಜೆ ನಾನು ಮನೆಗೆ ಬಂದಾಗ ಇಬ್ಬರೂ ಮೆಟ್ಟಿಲ ಮೇಲಿದ್ದರು, ನಡುವೆ ಮೊಬೈಲು. ಮಂಗಳೂರಿನ ನಂಬರು ಬಂತು. ಗಿರಿಜಾ ಎದ್ದು ನಿಂತು, "ಹ್ಞೂಂ ಮೇಡಂ... ಹ್ಞೂಂ ಮೇಡಂ" ಎಂದಳು. ಫೋನ್ ಇಟ್ಟು ನಮ್ಮ ಕಡೆ ತಿರುಗಿದಳು. ಮಾಸ್ಕ್ ತೆಗೆದಳು. ಸೀದಾ ನಮ್ಮ ಅಡುಗೆಮನೆಗೆ ಹೋಗಿ, ನಮ್ಮ ಲೋಟದಲ್ಲಿ ನೀರು ತುಂಬಿಕೊಂಡು ಕುಡಿದಳು.

ನೆರಳು ಇರಲಿಲ್ಲ. ಎರಡೂ ಶ್ವಾಸಕೋಶ ಸರಿಯಾಗಿದ್ದವು. ಬಳ್ಳಾರಿಯ ಸ್ಕ್ಯಾನ್ ಬೇಕಿಲ್ಲ, ವೀಸಾದ ಕಾಗದಗಳನ್ನು ಮುಂದಕ್ಕೆ ಕಳಿಸುತ್ತೇವೆ ಎಂದಿದ್ದರು.

ಆ ಭಾನುವಾರ ನಾನೇ ಆಕೆಯನ್ನು ಬೈಕಿನಲ್ಲಿ ಕಂಪ್ಲಿಗೆ ಬಿಟ್ಟೆ. ನನಗೂ ಅಲ್ಲಿ ಒಂದು ವರದಿಯ ಕೆಲಸವಿತ್ತು. ಮನೆಯ ಮುಂದೆ ಇಳಿದವಳೇ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿ ಕೈ ಚಾಚಿದಳು. ಅಜ್ಜಿಯ ತೊಡೆಯ ಮೇಲಿದ್ದ ಚಿನ್ನಿ ಒಮ್ಮೆ ನೋಡಿ ಮುಖ ತಿರುಗಿಸಿ ಅಜ್ಜಿಯ ಸೆರಗಿನಲ್ಲಿ ಹುದುಗಿಕೊಂಡಿತು.

"ಬೇಕಿತ್ತೇನು? ಬರಲಾರದಕ್ಕ ಸಿಟ್ಟಾಗ್ಯಾಳ ನೋಡು" ಎಂದರು ಅಮ್ಮ. ಅವರಿಗೆ ಅಲ್ಲಿಯವರೆಗೂ ಏನೂ ಗೊತ್ತಿರಲಿಲ್ಲ.

ಗಿರಿಜಾ ಕೈ ಹಿಂದೆ ತೆಗೆಯಲಿಲ್ಲ. ನೆಲದ ಮೇಲೆ ಮಂಡಿಯೂರಿ ಬಾಗಿ ಕೂತಳು. ಬಾಗಿದಾಗ ಬಿಳಿ ಬಟ್ಟೆಯ ಗಂಟು ಕುಪ್ಪಸದೊಳಗಿಂದ ಹೊರಬಿದ್ದು ತೂಗಾಡಿತು. ಆಕೆಯ ಕೈ ರೂಢಿಯಂತೆ ಅದನ್ನು ಹಿಂದಕ್ಕೆ ಹಾಕಲು ಹೋಯಿತು, ಆದರೆ ಅರ್ಧಕ್ಕೇ ನಿಂತಿತು. ಚಿನ್ನಿ ಸೆರಗಿನ ಸಂದಿಯಿಂದ ನೋಡುತ್ತಿತ್ತು. ಮೆಲ್ಲಗೆ ಕೈ ಚಾಚಿ ಆ ಗಂಟನ್ನು ಹಿಡಿಯಿತು. ಹಿಡಿದು ತನ್ನ ಕಡೆಗೆ ಎಳೆಯಿತು. ಎಳೆದಷ್ಟೂ ಅತ್ತೆ ಬಾಗಿದಳು. ಆಮೇಲೆ ಮಗುವನ್ನು ಎತ್ತಿಕೊಂಡು ಅದರ ಕುತ್ತಿಗೆಯಲ್ಲಿ ಮುಖವಿಟ್ಟು ಅತ್ತಳು. ಅಮ್ಮ ಗಾಬರಿಯಾಗಿ ನನ್ನ ಕಡೆ ನೋಡಿದರು. ನಾನು ಬೈಕಿನ ಕೀಲಿಕೈ ಹುಡುಕುವವನಂತೆ ಹೊರಗೆ ಬಂದೆ.

ಮಳೆಗಾಲ ಶುರುವಾಗುವುದಕ್ಕೆ ಮುಂಚೆ ಆಕೆಗೆ ವೀಸಾ ಬಂತು. ಈಗ ಆ ದ್ವೀಪದಲ್ಲಿದ್ದಾಳೆ. ನಡುರಾತ್ರಿ ಹೆರಿಗೆ ಬಂದರೂ ತಾನೇ, ದೋಣಿಯವನ ಕಾಲಿಗೆ ಗಾಯವಾದರೂ ತಾನೇ ಎಂದು ಶಶಿಕಲಾಗೆ ಧ್ವನಿ ಸಂದೇಶ ಕಳಿಸುತ್ತಾಳೆ. ಅಕ್ಕಿ ಮಾತ್ರ ನಮ್ಮ ಕಡೆಯದಲ್ಲ, ಅನ್ನ ಉದುರುದುರು ಎಂದು ದೂರು.

ನನ್ನ ಕೆಲಸ ಮೊದಲಿನಂತೆಯೇ ನಡೆದಿದೆ. ಕುರೆಕುಪ್ಪದಲ್ಲೋ ಸಂಡೂರಿನಲ್ಲೋ ಯಾರದೋ ಮನೆಯಲ್ಲಿ ಕೂತು ಪ್ರಶ್ನೆ ಕೇಳುತ್ತೇನೆ. ಕೊನೆಗೆ, "ಮತ್ತೇನಾದರೂ ಇದೆಯೇ?" ಎಂದಾಗ ಎಲ್ಲರೂ, "ಏನೂ ಇಲ್ರಿ" ಎನ್ನುತ್ತಾರೆ. ಮೊದಲಾದರೆ ಅಲ್ಲಿಗೆ ಪೆನ್ನು ಮುಚ್ಚುತ್ತಿದ್ದೆ. ಈಗ ಅವರು ತಂದ ಚಹಾ ಮುಗಿಯುವವರೆಗೆ ಸುಮ್ಮನೆ ಕೂತಿರುತ್ತೇನೆ. ಬಚ್ಚಿಟ್ಟದ್ದನ್ನು ಹೊರಗೆ ತೆಗೆಸಲು ನಮಗೆ ದಾರಿ ಗೊತ್ತಿದೆ. ಎದೆಯ ಮೇಲೆಯೇ ಇದ್ದು ಅವರಿಗೇ ಕಾಣದಿರುವುದನ್ನು ಹೇಗೆ ಕೇಳಬೇಕೆಂದು ನನಗೆ ಇನ್ನೂ ಸರಿಯಾಗಿ ಗೊತ್ತಿಲ್ಲ.